ಕಾವಲಿನ ಕೆಂಡ

ನಮ್ಮ ಊರಿನಲ್ಲಿ ಕಡ್ಡಿ ಗೀರಿದರೆ ಬೆಂಕಿ ಹತ್ತುವುದಿಲ್ಲ. ಒಲೆ ಉರಿಯಬೇಕೆಂದರೆ ಇನ್ನೊಬ್ಬರ ಮನೆಗೆ ಹೋಗಿ, ಹೊಸ್ತಿಲಲ್ಲಿ ನಿಂತು, ಕೆಂಡ ಕೇಳಿ ತರಬೇಕು. ಹೊರಗಿನಿಂದ ಸೊಸೆಯಾಗಿ ಬಂದವರು ಟ್ರಂಕಿನಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಬರುವುದುಂಟು. ಮೊದಲ ಬೆಳಿಗ್ಗೆ ಒಲೆಯ ಮುಂದೆ ಕೂತು ಕಡ್ಡಿಯ ಮೇಲೆ ಕಡ್ಡಿ ಗೀರಿ ಅಳುಮುಖ ಮಾಡಿದಾಗ ಅತ್ತೆ ನಗುತ್ತ ಒಡೆದ ಗಡಿಗೆಯ ಚೂರೊಂದನ್ನು ಕೈಗೆ ಕೊಟ್ಟು, "ಹೋಗವಾ, ಬಾಜೂ ಮನ್ಯಾಗ ಕೇಳ್ಕೊಂಡು ಬಾ" ಎನ್ನುತ್ತಿದ್ದಳು. ಸೊಸೆಗೆ ಊರು ಪರಿಚಯವಾಗುತ್ತಿದ್ದುದೇ ಹಾಗೆ. ಕೆಂಡಕ್ಕೆ ಹೋದವರು ಸುದ್ದಿ ತರುತ್ತಿದ್ದರು, ಉಪ್ಪಿನಕಾಯಿ ತರುತ್ತಿದ್ದರು, ಒಮ್ಮೊಮ್ಮೆ ಜಗಳವನ್ನೂ ತರುತ್ತಿದ್ದರು. ಆದರೆ ಮಾತು ಬಿಟ್ಟ ಮನೆಯವರೂ ಬೆಂಕಿಗೆ ಇಲ್ಲವೆನ್ನುತ್ತಿರಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡೇ ಇಕ್ಕಳದಿಂದ ಕೆಂಡ ಎತ್ತಿ ಚೂರಿನೊಳಗೆ ಹಾಕುತ್ತಿದ್ದರು. ಊರ ಗಡಿಗಲ್ಲಿನ ಆಚೆಯಿಂದ ತಂದ ಬೆಂಕಿ ಕಲ್ಲು ದಾಟುತ್ತಲೇ ಆರುತ್ತಿತ್ತು. ಲಾರಿಯ ಇಂಜಿನ್ನಿಗೆ, ಬಂದೂಕಿಗೆ ಮಾತ್ರ ಈ ಕಟ್ಟು ಇರಲಿಲ್ಲ. ಅವು ಯಾರನ್ನೂ ಕೇಳದೆ ಹೊತ್ತಿಕೊಳ್ಳುತ್ತಿದ್ದವು.

ನಾನು ಪಾರಮ್ಮ. ಹೊಳೆ ಓಣಿಯವಳು. ಊರ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಪರದೇಶದ ಡಾಕ್ಟರುಗಳ ಕೈಕೆಳಗೆ ಕೆಲಸ ಮಾಡಿ ಅವರ ಭಾಷೆ ನಾಲಿಗೆಗೆ ಹತ್ತಿತ್ತು. ಮುಂದೆ ನನಗೆ ಅನ್ನ ಕೊಟ್ಟದ್ದೂ, ಈ ಕಥೆಯ ನಡುವೆ ತಂದು ನಿಲ್ಲಿಸಿದ್ದೂ ಆ ಭಾಷೆಯೇ.

ನಮ್ಮ ದೇಶ ಬಹಳ ಎಳೆಯದು. ಅದು ಹುಟ್ಟಿದ ದಿನ ಹೊಳೆ ಓಣಿಯವರೂ ದಿಬ್ಬದ ಓಣಿಯವರೂ ಸಂತೆ ಬಯಲಿನಲ್ಲಿ ಒಟ್ಟಿಗೆ ಕುಣಿದಿದ್ದೆವು. ಹೊಸ ಬಾವುಟದ ಬಣ್ಣ ಯಾವ ಕ್ರಮದಲ್ಲಿ ಬರಬೇಕೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ ಒಂದೊಂದು ಮನೆಯ ಮೇಲೆ ಒಂದೊಂದು ಥರದ ಬಾವುಟ ಹಾರಿತ್ತು. ಅದನ್ನು ನೋಡಿ ನಕ್ಕಿದ್ದೆವೇ ಹೊರತು ಜಗಳವಾಡಿರಲಿಲ್ಲ. ಆಮೇಲೆ ರಾಜಧಾನಿಯಲ್ಲಿ ಇಬ್ಬರು ದೊಡ್ಡವರು ಒಂದು ಕುರ್ಚಿಗಾಗಿ ಕಿತ್ತಾಡಿದರು. ಒಬ್ಬ ದಿಬ್ಬದ ಜನರ ಪೈಕಿ, ಇನ್ನೊಬ್ಬ ಹೊಳೆ ಜನರ ಪೈಕಿ. ಅವರ ಮುಖವನ್ನು ನಾವು ಗೋಡೆಗೆ ಅಂಟಿಸಿದ ಕಾಗದದಲ್ಲಿ ಬಿಟ್ಟರೆ ಎಂದೂ ಕಂಡವರಲ್ಲ. ಆದರೂ ಒಂದು ಮುಂಗಾರು ಕಳೆಯುವುದರೊಳಗೆ ನಮ್ಮ ಊರಲ್ಲಿ ಗುಂಡು ಹಾರಿತು.

ಗುಂಡಿಗಿಂತ ಹೆಚ್ಚು ಹಾಳು ಮಾಡಿದ್ದು ಬೆಂಕಿ. ಮನೆ ಸುಡಲು ಹೊರಟವರಿಗೂ ಕೆಂಡ ಬೇಕಲ್ಲ, ಅವರು ಚೂರು ಹಿಡಿದು ಬಾಗಿಲಿಗೆ ಬಂದು "ಯವ್ವಾ, ಬೆಂಕಿ ಕೊಡ್ರಿ" ಎಂದರು. ರೂಢಿಯಂತೆ ಜನ ಕೊಟ್ಟರು. ಅದೇ ಬೆಂಕಿ ಸಂಜೆಯೊಳಗೆ ಎದುರು ಓಣಿಯ ಮಾಡಿಗೆ ಬಿತ್ತು. ಎರಡೂ ಕಡೆ ಹಾಗೆಯೇ ಆಯಿತು. ದಿಬ್ಬದ ಓಣಿಯ ಈರಭದ್ರಮ್ಮನ ಒಬ್ಬನೇ ಮಗ ತನ್ನ ನೂಲಿನ ಅಂಗಡಿಯೊಳಗೆ ಸಿಕ್ಕಿಬಿದ್ದು ಹೋದ. ನಮ್ಮ ಓಣಿಯಲ್ಲಿ ಒಂದು ಸಾಲಿಗೆ ಸಾಲೇ ಬೂದಿಯಾಯಿತು. ಅವತ್ತಿನಿಂದ ಬೆಂಕಿ ಕೇಳಿದವರ ಮುಖಕ್ಕೆ ಬಾಗಿಲು ಹಾಕುವುದನ್ನು ಊರು ಕಲಿತಿತು. ನಾವು ಹೊಳೆ ಓಣಿಯವರು ಜೀವ ಕೈಯಲ್ಲಿ ಹಿಡಿದುಕೊಂಡು ಹೊಳೆಯ ಕೆಳಗಿನ ಜೊಂಡಿನ ಕಾಡಿಗೆ ಓಡಿದೆವು. ನನ್ನ ಜೊತೆ ತಂಗಿ ಸಣ್ಣೀರಿ ಇದ್ದಳು. ಅವಳಿಗೆ ದಿನ ತುಂಬುತ್ತ ಬಂದಿತ್ತು. ಅವಳ ಗಂಡ ಓಡುವ ಗದ್ದಲದಲ್ಲಿ ಬೇರೆಯಾದವನು ಮತ್ತೆ ಸಿಗಲಿಲ್ಲ. ಹೆಣ್ಣು ಕೂಸು ಹುಟ್ಟಿದ್ದು ಜೊಂಡಿನ ಹಾಸಿಗೆಯ ಮೇಲೆ, ನನ್ನ ಕೈಯಲ್ಲೇ.

ಊರು ಕಾಯಲು ನೀಲಿ ಟೊಪ್ಪಿಗೆಯ ಪಡೆಯವರು ಬಂದರೆಂಬ ಸುದ್ದಿ ಮೀನು ಹಿಡಿಯುವವರಿಂದ ಬಂತು. ನಾವು ನಂಬಲಿಲ್ಲ. ಆಮೇಲೆ ಬಿಳಿ ಬಣ್ಣದ ಲಾರಿಗಳು ಹೊಳೆ ದಂಡೆಗೆ ಬಂದು ನಿಂತವು. ಒಬ್ಬ ಹೆಣ್ಣುಮಗಳು ಇಳಿದು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಜೊಂಡಿನ ಕಡೆ ಮುಖ ಮಾಡಿ ಏನೋ ಕೂಗಿದಳು. ಅಗಲ ಮುಖ, ಗಾಳಿ ಬಿಸಿಲಿಗೆ ಕೆಂಪಾದ ಕೆನ್ನೆ. ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಅವಳ ಮಾತು ತಿಳಿದದ್ದು ನನಗೊಬ್ಬಳಿಗೇ.

"ಏನಂತಾಳ ಯಕ್ಕಾ?" ಎಂದು ಸಣ್ಣೀರಿ ಪಿಸುಗುಟ್ಟಿದಳು.

"ಮನೀಗೆ ಹೋಗೂಣು ಬರ್ರಿ ಅಂತಾಳ. ಮುಂದ ತಾನು ನಡೀತಾಳಂತ."

ಅವಳೇ ಕ್ಯಾಪ್ಟನ್ ಓಯುನ. ಎಲ್ಲೋ ಉತ್ತರದಲ್ಲಿ, ಕಣ್ಣು ಹಾಯುವಷ್ಟು ದೂರ ಹುಲ್ಲೇ ಹುಲ್ಲಿರುವ ದೇಶದವಳು. ಆ ಮಾತಿನಂತೆಯೇ ಅವಳು ಮುಂದೆ ನಡೆದಳು. ನಾವು ಗಂಟುಮೂಟೆ ಹೊತ್ತು ಹಿಂದೆ ನಡೆದೆವು. ಅವತ್ತೇ ನನ್ನನ್ನು ಕರೆದು, ನಮ್ಮ ಮಾತನ್ನು ನಿಮ್ಮವರಿಗೂ ನಿಮ್ಮ ಮಾತನ್ನು ನಮಗೂ ದಾಟಿಸುವ ಕೆಲಸ ಮಾಡುತ್ತೀಯಾ ಎಂದು ಕೇಳಿದಳು. ನಾನು ಒಪ್ಪಿಕೊಂಡೆ.

ಸಂತೆ ಬಯಲಿನ ನಟ್ಟನಡುವೆ, ಎರಡೂ ಓಣಿಯ ಮಧ್ಯೆ, ಅವರ ಠಾಣ್ಯ ಎದ್ದಿತು. ಅಲ್ಲಿ ಕೆಲಸ ಮಾಡುತ್ತ ನನಗೆ ಒಂದು ಸಂಗತಿ ತಿಳಿಯಿತು. ಈ ಪಡೆ ಯಾವ ಒಂದು ದೇಶದ್ದೂ ಅಲ್ಲ. ಲಾರಿ ಒಂದು ದೇಶ ಕೊಟ್ಟದ್ದು, ಅಕ್ಕಿ ಇನ್ನೊಂದು ದೇಶದ್ದು, ಡೇರೆಯ ಬಟ್ಟೆ ಮತ್ತೊಂದರದು. ಕೆಲವು ದೇಶಗಳು ತಮ್ಮ ಮಕ್ಕಳನ್ನೇ ಕೊಟ್ಟಿದ್ದವು. ಒಬ್ಬರ ಭಾಷೆ ಒಬ್ಬರಿಗೆ ಬಾರದವರು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಅಕ್ಕಿಯ ಖಾಲಿ ಚೀಲದಲ್ಲಿ ನಮ್ಮ ಹೆಂಗಸರು ಮಕ್ಕಳಿಗೆ ಅಂಗಿ ಹೊಲಿದರು. ಒಂದು ಮಗುವಿನ ಬೆನ್ನ ಮೇಲೆ ಒಂದು ದೇಶದ ಹೆಸರು, ಇನ್ನೊಂದರ ಹೊಟ್ಟೆಯ ಮೇಲೆ ಇನ್ನೊಂದರ ಬಾವುಟ. ಹೀಗೆ ಇಡೀ ಭೂಮಂಡಲವೇ ನಮ್ಮ ಓಣಿಯಲ್ಲಿ ಗೋಲಿ ಆಡುತ್ತಿತ್ತು.

ಆದರೆ ಅಕ್ಕಿ ಬೇಯಬೇಕಲ್ಲ. ನಾವು ಕಾಡಿಗೆ ಓಡಿದ ದಿನದಿಂದ ಹೊಳೆ ಓಣಿಯ ಒಂದೊಂದು ಒಲೆಯೂ ತಣ್ಣಗಾಗಿತ್ತು. ಕೇಳೋಣವೆಂದರೆ ನಮ್ಮಲ್ಲಿ ಯಾರ ಮನೆಯಲ್ಲೂ ಬೆಂಕಿ ಇರಲಿಲ್ಲ. ಠಾಣ್ಯದ ಅಡುಗೆಯವನು ಮನಾಸೆ ಎಂಬವನು. ದೂರದ ದ್ವೀಪವೊಂದರ ಆಳು, ಬಾಗಿಲಲ್ಲಿ ನಿಂತರೆ ಬಾಗಿಲೇ ಕಾಣದಂಥ ಮೈಕಟ್ಟು. ಅವನ ಹೊಳೆಯುವ ಗ್ಯಾಸಿನ ಒಲೆಯೂ ಇಲ್ಲಿ ಹತ್ತಲಿಲ್ಲ. ಮೊದಲ ವಾರವೆಲ್ಲ ಅದನ್ನು ಬಿಚ್ಚಿ, ಒರೆಸಿ, ಜೋಡಿಸಿ ಸೋತ. ಕೊನೆಗೆ ನಾನು ನಮ್ಮ ಊರಿನ ಕಟ್ಟು ತಿಳಿಸಿದಾಗ "ನನ್ನ ಅಮ್ಮ ಕೇಳಿದರೆ ಇದು ಒಳ್ಳೆಯ ಊರು ಎನ್ನುತ್ತಾಳೆ" ಎಂದ. ಡಬ್ಬಿಯ ಊಟ ತಣ್ಣಗೆ ತಿನ್ನುತ್ತ ಉಳಿದ. ಜನರೇಟರ್ ಇತ್ತು, ಆದರೆ ದಾರಿ ಕಡಿದಿದ್ದರಿಂದ ಡೀಸೆಲ್ ಬರುತ್ತಿರಲಿಲ್ಲ. ಇದ್ದದ್ದು ರೇಡಿಯೋಗೆ, ಔಷಧಿಯ ಪೆಟ್ಟಿಗೆಗೆ ಸಾಲುತ್ತಿರಲಿಲ್ಲ.

ಅಕ್ಕಿ ನೆನೆಸಿ ತಿಂದೆವು, ಹಸಿ ಗೆಣಸು ತಿಂದೆವು. ಅದನ್ನು ಸಹಿಸಬಹುದಿತ್ತು. ನೀರನ್ನು ಸಹಿಸಲಾಗಲಿಲ್ಲ. ಹೊಳೆಯ ಮೇಲ್ಭಾಗದಲ್ಲಿ ಏನೇನು ಬಿದ್ದಿತ್ತೋ, ನೀರು ಕುಡಿದವರಿಗೆ ವಾಂತಿ ಭೇದಿ ಶುರುವಾಯಿತು. ನೀರಿಗೆ ಹಾಕುವ ಮಾತ್ರೆ ಓಯುನಳ ಬಳಿ ಇದ್ದಷ್ಟು ದಿನ ಹಂಚಿದಳು. ಮುಗಿಯಿತು. ಮೊದಲು ಮುದುಕರು ಹೋದರು. ಆಮೇಲೆ ಸಣ್ಣೀರಿಯ ಮೊಲೆಹಾಲು ಬತ್ತಿತು, ಕೂಸಿಗೆ ನೀರು ಕುಡಿಸಲೇಬೇಕಾಯಿತು, ಕೂಸೂ ಮಲಗಿತು. ಕಣ್ಣು ಒಳಕ್ಕೆ ಇಳಿದವು. ಚರ್ಮ ಹಿಡಿದು ಬಿಟ್ಟರೆ ಹಾಗೆಯೇ ನಿಲ್ಲುತ್ತಿತ್ತು. ನಾನು ನರ್ಸ್. ಅದರ ಅರ್ಥ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಓಯುನ ಕೂಸನ್ನು ಮುಟ್ಟಿ ನೋಡಿ ಎದ್ದು ನಿಂತಳು. "ಬೆಂಕಿ ಎಲ್ಲಿದೆ?" ಎಂದಳು.

"ದಿಬ್ಬದ ಓಣಿಯಲ್ಲಿ. ಈರಭದ್ರಮ್ಮನ ಒಲೆ ಆರಿಲ್ಲ. ಹೊಗೆ ಇಲ್ಲಿಗೇ ಕಾಣುತ್ತದೆ."

"ಕೇಳೋಣ."

"ಕೊಡುವುದಿಲ್ಲ ಮೇಡಂ. ಅವಳ ಮಗ ಸತ್ತದ್ದು ನಮ್ಮ ಓಣಿಯಿಂದ ಹೋದ ಬೆಂಕಿಯಲ್ಲಿ."

"ಕೊಡದಿರಬಹುದು," ಎಂದಳು ಓಯುನ. "ಕೇಳದೆ ಇರುವುದು ಹೇಗೆ?"

ಮೂವರು ಹೊರಟೆವು. ಓಯುನ, ಮನಾಸೆ, ನಾನು. ಅವರಿಬ್ಬರೂ ಬಂದೂಕು ಠಾಣ್ಯದಲ್ಲೇ ಬಿಟ್ಟರು. ಮನಾಸೆ ತನ್ನ ದೊಡ್ಡ ಕಬ್ಬಿಣದ ಪಾತ್ರೆಯೊಂದಕ್ಕೆ ಬೂದಿ ತುಂಬಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ದಿಬ್ಬದ ಬುಡದಲ್ಲಿ ಮರದ ದಿಮ್ಮಿ ಅಡ್ಡ ಹಾಕಿ ಕರಿಬಸ ಕಾವಲಿದ್ದ. ಯುದ್ಧಕ್ಕೆ ಮುಂಚೆ ಅವನು ಗಾಣ ಆಡಿಸುತ್ತಿದ್ದವನು, ನಮ್ಮ ಮನೆಗೆ ಎಣ್ಣೆ ಅವನದೇ. ಈಗ ಅವನ ಕೈಯಲ್ಲಿ ಬಂದೂಕಿತ್ತು.

"ನೀಲಿ ಟೊಪಿಗಿಯವರು ಬರ್ಲಿ. ಆಕಿ ಬ್ಯಾಡ," ಎಂದ, ನನ್ನ ಕಡೆ ನೋಡದೆ.

ನಾನು ಅದನ್ನು ಹಾಗೆಯೇ ದಾಟಿಸಿದೆ. ನಾನು ಇಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ ಎಂದೂ ಸೇರಿಸಿದೆ. ಓಯುನ ಬೇಡವೆಂದು ತಲೆಯಾಡಿಸಿದಳು. "ಅವಳು ಬರದಿದ್ದರೆ ನಾವೂ ಬರುವುದಿಲ್ಲ. ನಿಲ್ಲುತ್ತೇವೆ ಎಂದು ಹೇಳು."

ನಿಂತೆವು. ಬಿಸಿಲು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಕರಿಬಸನ ಜೊತೆಗಾರರು ಬಂದೂಕಿನ ಬಾಯಿ ನಮ್ಮ ಕಡೆಗೇ ಇಟ್ಟುಕೊಂಡು ಕೂತಿದ್ದರು. ಮನಾಸೆ ಒಂದು ಹೆಜ್ಜೆ ಸರಿದು ನನ್ನ ಮುಂದೆ ನಿಂತ. ಅವನ ನೆರಳು ನನ್ನ ಮೇಲೆ ಬಿತ್ತು. ಬಿಸಿಲಿಗೆ ಸರಿದನೋ ಬಂದೂಕಿಗೆ ಸರಿದನೋ ಆಗ ತಿಳಿಯಲಿಲ್ಲ. ಮುಂದೊಮ್ಮೆ ಕೇಳಿದಾಗ ನಗುತ್ತ, "ಎರಡಕ್ಕೂ. ನನ್ನ ಮೈ ಇನ್ನು ಯಾತಕ್ಕೆ ಬರುತ್ತದೆ?" ಎಂದಿದ್ದ.

ಕೊನೆಗೆ ದಿಬ್ಬದ ಮೇಲಿನಿಂದ ಈರಭದ್ರಮ್ಮನೇ ಇಳಿದು ಬಂದಳು. ನನ್ನ ಅವ್ವನಿಗೆ ದೂರದಿಂದ ತಂಗಿಯಾಗಬೇಕಾದವಳು, ಎಳವೆಯಿಂದ ಚಿಗವ್ವ ಎಂದೇ ಕರೆದವಳು. ಮೊದಲು ತುಂಬಿದ ಮೈಯವಳು, ಈಗ ಸೀರೆಯೇ ನಡೆದು ಬಂದ ಹಾಗೆ ಕಂಡಿತು. ದಿಮ್ಮಿಯ ಆಚೆ ನಿಂತು ನನ್ನನ್ನೇ ನೋಡಿದಳು.

"ಯಾಕ ಬಂದಿ?"

"ಕೂಸಿಗೆ ನೀರು ಕಾಸಬೇಕು ಚಿಗವ್ವ. ಸಣ್ಣೀರಿ ಕೂಸು."

"ಸಣ್ಣೀರಿ ಹಡದಾಳೇನು?" ಅಂದವಳು ತಕ್ಷಣ ತನ್ನನ್ನು ತಾನೇ ತಡೆದುಕೊಂಡಳು. "ನನ್ನ ಮಗನ್ನ ತಿಂದ ಬೆಂಕಿ ಯಾರ ಮನೀದು ಪಾರವ್ವ?"

ನಾನು ತಲೆ ತಗ್ಗಿಸಿದೆ. ಈರಭದ್ರಮ್ಮ ಓಯುನಳ ಕಡೆ ತಿರುಗಿದಳು. ಟೊಪ್ಪಿಗೆ, ಬೂಟು, ಕೆಂಪು ಕೆನ್ನೆ ಎಲ್ಲವನ್ನೂ ಸಾವಕಾಶ ನೋಡಿದಳು.

"ಈಕಿಗೆ ಮಕ್ಕಳದಾವೇನು, ಕೇಳು."

ಕೇಳಿದೆ. ಓಯುನಳಿಗೆ ಒಬ್ಬ ಮಗ. ಅಜ್ಜಿಯ ಹತ್ತಿರ ಇದ್ದಾನೆ. ತಾಯಿ ಹೊರಟಾಗ ಅವನಿಗೆ ಹಲ್ಲು ಬಂದಿರಲಿಲ್ಲ, ಈಗ ಅಜ್ಜಿಯ ಮುಂದೆ ಕುದುರೆಯ ಮೇಲೆ ಕೂರುತ್ತಾನಂತೆ.

"ಅಂಥಾ ಕೂಸು ಬಿಟ್ಟು ನಮ್ಮ ಈ ಹಾಳಬಿದ್ದ ಊರಿಗೆ ಯಾಕ ಬಂದಾಳ?"

ಓಯುನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, "ಕಳಿಸಿದರು, ಬಂದೆ. ಬಂದ ಮೇಲೆ ನಿಮ್ಮನ್ನೆಲ್ಲ ನೋಡಿದೆ. ನೋಡಿದ ಮೇಲೆ ಬಿಟ್ಟು ಹೋಗಲು ಆಗುತ್ತಿಲ್ಲ," ಎಂದಳು. ಅದನ್ನು ನಮ್ಮ ಮಾತಿನಲ್ಲಿ ಚಿಗವ್ವನಿಗೆ ದಾಟಿಸಿದೆ.

ಈರಭದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಬೆಂಕಿ ಕೊಡಾಕ ನನಗ ಜೀವ ಸಣ್ಣದಲ್ಲ. ಕೊಟ್ಟ ಬೆಂಕಿ ಒಲೀಗೇ ಹೋಗತೈತಿ, ಮಾಡಿಗೆ ಹೋಗಂಗಿಲ್ಲ ಅಂತ ಯಾರು ಜವಾಬ್ದಾರಿ? ನೀನೇನು?"

"ನಾನು," ಎಂದಳು ಓಯುನ. ನಾನು ಭಾಷಾಂತರ ಮುಗಿಸುವ ಮೊದಲೇ ಪ್ರಶ್ನೆ ಅವಳಿಗೆ ಅರ್ಥವಾಗಿತ್ತು. "ಒಂದೊಂದು ಕೆಂಡದ ಜೊತೆಗೂ ನಮ್ಮವರೊಬ್ಬರು ನಡೆಯುತ್ತಾರೆ. ಒಲೆಯೊಳಗೆ ಬೀಳುವ ತನಕ ಕಾಯುತ್ತಾರೆ. ನಾವಿರುವಷ್ಟು ದಿನ."

ಈರಭದ್ರಮ್ಮ ಕರಿಬಸನಿಗೆ, "ದಿಮ್ಮಿ ಸರಸು" ಎಂದಳು. ಅವನು ಮುಖ ಗಂಟಿಕ್ಕಿದ, ಆದರೆ ಸರಿಸಿದ. ಮೇಲೆ ಹೋಗಿ ಅವಳ ಹೊಸ್ತಿಲಲ್ಲಿ ನಿಂತು, ಎಷ್ಟೋ ದಿನಗಳ ಮೇಲೆ, "ಬೆಂಕಿ ಕೊಡ್ರಿ" ಎಂದು ಕೇಳಿದೆ. ಅವಳು ಒಲೆಯಿಂದ ದಪ್ಪದಪ್ಪ ಕೆಂಡಗಳನ್ನೇ ಆರಿಸಿ ಮನಾಸೆಯ ಪಾತ್ರೆಯಲ್ಲಿಟ್ಟು ಬೂದಿ ಮುಚ್ಚಿದಳು. "ಕೂಸಿಗೆ ಕುದಿಸಿದ ನೀರಾಗ ಒಂಚೂರು ಬೆಲ್ಲ, ಒಂಚೂರು ಉಪ್ಪು ಹಾಕು," ಎಂದಳು. ನಾನೇ ಅದನ್ನು ನೂರಾರು ತಾಯಂದಿರಿಗೆ ಹೇಳಿದವಳು. ಆದರೂ ಅವಳ ಬಾಯಿಂದ ಕೇಳಿ ಹೊಸದನ್ನು ಕಲಿತವಳಂತೆ ಹೂಂಗುಟ್ಟಿದೆ.

ಇಳಿದು ಬರುವಾಗ ಸಂತೆ ಬಯಲು ದಾಟಿ ನಮ್ಮ ಓಣಿಯ ಬಾಯಿಗೆ ಬಂದಿದ್ದೆವು. ಜನ ಮನೆಯಿಂದ ಹೊರಗೆ ಬಂದು ನೋಡುತ್ತಿದ್ದರು. ಆಗ ಗುಂಡು ಹಾರಿತು. ಹಾರಿದ್ದು ದಿಬ್ಬದ ಕಡೆಯಿಂದಲ್ಲ, ನಮ್ಮ ಓಣಿಯ ಸುಟ್ಟ ಗೋಡೆಯ ಹಿಂದಿನಿಂದ. ಮನಾಸೆ ತಿರುಗಿದ್ದನ್ನು ಕಂಡೆ. ಅವನು ಬಿದ್ದನೆಂದು ನನಗೆ ಮೊದಲು ಅನ್ನಿಸಲಿಲ್ಲ, ಪಾತ್ರೆಯನ್ನು ಕೆಳಗಿಡಲು ಕೂರುತ್ತಿದ್ದಾನೆ ಎಂದುಕೊಂಡೆ. ಎರಡು ತೋಳಿನಿಂದಲೂ ಅದನ್ನು ಅಪ್ಪಿ ಮಂಡಿಯೂರಿದ. ಮುಚ್ಚಳ ಜಾರಿ ಕೆಂಡವೊಂದು ಅವನ ಮುಂಗೈ ಮೇಲೆ ಉರುಳಿತು. ಅವನು ಕೈ ತೆಗೆಯಲಿಲ್ಲ. ಭುಜದಿಂದ ರಕ್ತ ಇಳಿಯುತ್ತಿತ್ತು.

"ತಗೋ," ಎಂದ. ನಮ್ಮ ಮಾತಿನಲ್ಲಿ ಅವನು ಕಲಿತಿದ್ದ ಕೆಲವೇ ಶಬ್ದಗಳಲ್ಲಿ ಅದೊಂದು. "ಪಾರಮ್ಮ, ತಗೋ. ಓಡು."

ಓಯುನ ಅವನ ಮೇಲೆ ಅಡ್ಡ ಬಿದ್ದಳು, ಅವಳೂ ನನಗೆ ಕಣ್ಣಿನಿಂದಲೇ ಓಡು ಎಂದಳು. ನಾನು ಪಾತ್ರೆ ಹೊತ್ತು ಓಡಿದೆ. ಅಂದು ಸಂಜೆ ಸಣ್ಣೀರಿಯ ಒಲೆ ಹತ್ತಿತು. ನೀರು ಕುದಿಯುವ ಸದ್ದು ಕೇಳಿ ಅಕ್ಕಪಕ್ಕದವರೆಲ್ಲ ಬಂದು ಬಾಗಿಲಲ್ಲಿ ನಿಂತರು. ಚಮಚದಲ್ಲಿ ತಂಪಾದ ನೀರು ಹಾಕುತ್ತ ಹಾಕುತ್ತ ಕೂತೆವು. ಮರುದಿನ ಕೂಸು ಅತ್ತಿತು, ಕಣ್ಣೀರು ಬಂತು. ಕಣ್ಣೀರು ಕಂಡು ಹಿಗ್ಗಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

ಗುಂಡು ಹಾರಿಸಿದವನು ಜಡೆಪ್ಪ, ನಮ್ಮ ಸಾಲಿನ ಆಚೆ ತುದಿಯ ಮನೆಯವನು. ಅವನ ಅಣ್ಣ ಬೆಂಕಿಯಲ್ಲಿ ಸತ್ತಿದ್ದ. ಸುಟ್ಟವರ ಮನೆಯ ಬೆಂಕಿ ನಮ್ಮ ಓಣಿಗೆ ಬರಬಾರದೆಂದು ಅವನಿಗೆ ಮೈಮೇಲೆ ಬಂದಿತ್ತು. ಬೆಳಿಗ್ಗೆ ಅವನ ತಾಯಿಯೇ ರಟ್ಟೆ ಹಿಡಿದು ಠಾಣ್ಯಕ್ಕೆ ಕರೆತಂದಳು. "ಇವನ್ರೀ," ಎಂದಳು. "ನನ್ನ ಮಗ. ಇನ್ನೊಬ್ಬ ತಾಯಿ ಮಗನ್ನ ಹೊಡದಾನ." ಅಷ್ಟೇ ಹೇಳಿ ನೆಲದ ಮೇಲೆ ಕೂತುಬಿಟ್ಟಳು. ಓಯುನ ಅವನನ್ನು ಕೋರ್ಟಿಗೆ ಕಳಿಸುವ ಮೊದಲು, ಇವನ ಮೇಲೆ ಯಾರೂ ಕೈ ಮಾಡಕೂಡದೆಂದು ತನ್ನ ಸೈನಿಕರಿಗೆ ಆಜ್ಞೆ ಮಾಡಿದಳು. ತಾಯಿಗೆ ಕುಡಿಯಲು ಬಿಸಿನೀರು ಕೊಡಿಸಿದಳು. ಓಣಿಯಲ್ಲಿ ಆಗ ಬಿಸಿನೀರು ಇತ್ತು.

ಮನಾಸೆಯನ್ನು ಹೆಲಿಕಾಪ್ಟರಿನಲ್ಲಿ ದೂರದ ಆಸ್ಪತ್ರೆಗೆ ಒಯ್ದರು. ಆ ಹೆಲಿಕಾಪ್ಟರ್ ಒಂದು ದೇಶದ್ದು, ಆಸ್ಪತ್ರೆ ಇನ್ನೊಂದು ದೇಶದ್ದು, ಅವನಿಗೆ ಹತ್ತಿಸಿದ ರಕ್ತ ಮೂರನೆಯ ದೇಶದ ಸೈನಿಕನದು. ಆದರೆ ಸುದ್ದಿ ಅವನಿಗಿಂತ ಬೇಗ ಹಾರಿತ್ತು. ಕಾಯಲು ಹೋದವನ ಮೇಲೆ ಕಾಯಿಸಿಕೊಂಡವರೇ ಗುಂಡು ಹಾರಿಸಿದರು ಎಂದು ಎಲ್ಲ ದೇಶದ ರೇಡಿಯೋಗಳೂ ಹೇಳಿದವು. ಸುಳ್ಳಲ್ಲವಲ್ಲ. ಬೇರೆಯವರ ಜಗಳಕ್ಕೆ ನಮ್ಮ ಮಕ್ಕಳನ್ನು ಯಾಕೆ ಬಲಿ ಕೊಡಬೇಕು, ಪಡೆಯನ್ನು ವಾಪಸು ಕರೆಸಿ ಎಂದು ಅಲ್ಲಲ್ಲಿ ಜನ ಬೀದಿಗಿಳಿದರು. ನಾನು ಅವರನ್ನು ಬೈಯಲಿಲ್ಲ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ದೇಶಗಳೆಲ್ಲ ಕೂತು ತೀರ್ಮಾನ ಮಾಡುವವರೆಗೆ ಡೇರೆ ಬಿಚ್ಚಲು ತಯಾರಾಗಿರಿ ಎಂದು ಓಯುನಳಿಗೆ ಆದೇಶ ಬಂತು. ಈರಭದ್ರಮ್ಮನ ಮನೆಯಿಂದ ಕೆಂಡ ತರುವ ಕೆಲಸ ಆಗಷ್ಟೇ ಶುರುವಾಗಿತ್ತು. ಪಡೆ ಹೋದರೆ ಜವಾಬ್ದಾರಿಯೂ ಹೋಗುತ್ತದೆ, ದಿಮ್ಮಿ ಮತ್ತೆ ಅಡ್ಡ ಬೀಳುತ್ತದೆ. ಅದು ಎರಡೂ ಓಣಿಗೆ ಗೊತ್ತಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಓಯುನ ನನ್ನನ್ನು ಕರೆದಳು. ಮನಾಸೆಯ ತಾಯಿ ಫೋನಿನಲ್ಲಿದ್ದಾಳೆ, ಹೆಸರು ಲೋಸಾನ. ಅವರ ದೇಶದ ದೊಡ್ಡವರು ಅವಳ ಮನೆಗೆ ಬಂದು, ನೀನು ಹೇಳಿದಂತೆ ಮಾಡುತ್ತೇವೆ, ನಮ್ಮ ಸೈನಿಕರನ್ನು ಕರೆಸಬೇಕೇ ಬೇಡವೇ ಎಂದು ಕೇಳಿದ್ದಾರೆ. ಉತ್ತರ ಹೇಳುವ ಮೊದಲು ಆ ಊರಿನವರ ಜೊತೆ ಮಾತಾಡಬೇಕೆಂದು ಅವಳು ಹಟ ಹಿಡಿದಿದ್ದಾಳೆ. ನಾನು ಸಣ್ಣೀರಿಯನ್ನು ಕರೆತಂದೆ. ದಿಬ್ಬಕ್ಕೂ ಹೇಳಿ ಕಳಿಸಿದೆವು. ಈರಭದ್ರಮ್ಮ ಬಂದಳು. ಅವಳ ಹಿಂದೆ ಕರಿಬಸ, ಕೈ ಖಾಲಿ.

ಸಮುದ್ರದ ಆಚೆಯಿಂದ ಬಂದ ದನಿ ಮುದುಕಿಯದು, ಗಟ್ಟಿಯಾದದ್ದು. ಅವಳು ಮೊದಲು ಕೇಳಿದ್ದು, "ನನ್ನ ಮಗ ಅಲ್ಲಿ ಯಾರಿಗೂ ತೊಂದರೆ ಕೊಟ್ಟಿಲ್ಲ ತಾನೇ?"

ಸಣ್ಣೀರಿ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡು, "ಇಲ್ಲ ಯವ್ವಾ. ಅವರು ತಂದ ಬೆಂಕ್ಯಾಗ ನನ್ನ ಕೂಸು ಉಳೀತು," ಎಂದಳು. ಆಮೇಲೆ ಫೋನನ್ನು ಕೂಸಿನ ಬಾಯಿಯ ಹತ್ತಿರ ಒಯ್ದಳು. ಕೂಸು ಬೆದರಿ ಚೀರಿತು. ಆ ಕಡೆ ಲೋಸಾನ ನಕ್ಕದ್ದು ನಮಗೆಲ್ಲ ಕೇಳಿಸಿತು. "ಗಂಟಲು ಚೆನ್ನಾಗಿದೆ," ಎಂದಳು.

ಈರಭದ್ರಮ್ಮ ಫೋನು ಇಸಿದುಕೊಂಡಳು. ಹೊಳೆಯ ಆಚೆ ದಂಡೆಯವರನ್ನು ಕರೆಯುವಂತೆ ಜೋರಾಗಿ ಕೂಗಿದಳು. "ಯವ್ವಾ, ನನ್ನ ಮಗ ಬೆಂಕ್ಯಾಗ ಹೋದ. ನಿನ್ನ ಮಗ ಬೆಂಕಿ ತರಾಕ ಬಂದು ಗುಂಡು ತಿಂದ. ನಿನಗ ನಾ ಏನಂತ ಹೇಳ್ಲಿ? ಕರಕೊಂಡು ಹೋದರ ತಪ್ಪಿಲ್ಲ ನಿಂದು. ನಾ ಆಗಿದ್ರ ಕರಕೊಂಡು ಹೋಗತಿದ್ದೆ."

ನಾನು ಅದನ್ನು ಒಂದಕ್ಷರ ಬಿಡದೆ ದಾಟಿಸಿದೆ. ಪಡೆ ಉಳಿಯಲಿ ಎಂದು ಬೇಡಿಕೊಳ್ಳಲು ನಮ್ಮನ್ನು ಕರೆದದ್ದಾಗಿರಬಹುದು, ಆದರೆ ಈರಭದ್ರಮ್ಮ ಬೇಡಲಿಲ್ಲ. ಕರಿಬಸ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ.

"ನಿಮ್ಮ ಮಗನ ಹೆಸರೇನು?" ಎಂದಳು ಲೋಸಾನ.

"ಮಾದೇಗೌಡ," ಎಂದಳು ಈರಭದ್ರಮ್ಮ. ಅವಳು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅವನು ಸತ್ತ ಮೇಲೆ ಅದೇ ಮೊದಲೆಂದು ಆಮೇಲೆ ಕರಿಬಸ ನನಗೆ ಹೇಳಿದ.

ಲೋಸಾನ ತನ್ನ ನಾಲಿಗೆಗೆ ಬಂದಂತೆ ಆ ಹೆಸರನ್ನು ಎರಡು ಸಲ ಹೇಳಿಕೊಂಡಳು. "ನನ್ನ ಮಗ ತಂದ ಬೆಂಕಿಯಲ್ಲಿ ಈಗಲೂ ಯಾರಾದರೂ ಅಡುಗೆ ಮಾಡುತ್ತಿದ್ದಾರೋ?"

"ದಿನಾ," ಎಂದಳು ಈರಭದ್ರಮ್ಮ. "ಅವರ ಓಣ್ಯಾಗೂ, ನಮ್ಮ ಓಣ್ಯಾಗೂ."

"ಹಾಗಾದರೆ ಅವನನ್ನು ವಾಪಸು ಕರೆಸಿ ನಾನೇನು ಮಾಡಲಿ? ಭುಜ ವಾಸಿಯಾಗಲಿ, ಕೆಲಸ ಮುಗಿಸಿ ಬರಲಿ," ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ, "ಅವನು ಹಸಿವಾದರೆ ಹೇಳುವವನಲ್ಲ. ಸ್ವಲ್ಪ ನೋಡಿಕೊಳ್ಳಿ," ಎಂದಳು. ಅದನ್ನು ನಮ್ಮ ಮಾತಿಗೆ ತರುವಾಗ ನಾನು ಅತ್ತುಬಿಟ್ಟೆ. ಓಯುನ ಡೇರೆಯ ಹೊರಗೆ ಹೋಗಿ ನಿಂತಳು.

ಲೋಸಾನಳ ಮಾತು ಅವರ ದೇಶದ ರೇಡಿಯೋದಲ್ಲಿ ಬಂತು, ಅಲ್ಲಿಂದ ಬೇರೆ ದೇಶಗಳಿಗೂ ಹೋಯಿತು. ಅದೊಂದರಿಂದಲೇ ಎಲ್ಲವೂ ಆಯಿತೆಂದು ನಾನು ಹೇಳುವುದಿಲ್ಲ. ದೊಡ್ಡವರ ಸಭೆಯಲ್ಲಿ ಏನೇನು ಲೆಕ್ಕಾಚಾರವಿತ್ತೋ ನಮಗೇನು ಗೊತ್ತು. ಆದರೆ ಪಡೆ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಕಡಿದ ದಾರಿಯನ್ನು ಒಂದು ದೇಶದ ಎಂಜಿನಿಯರುಗಳು ಸರಿ ಮಾಡಿದರು. ಒಂದು ದೇಶ ಡಾಕ್ಟರುಗಳನ್ನು ಕಳಿಸಿತು, ನನ್ನ ದವಾಖಾನೆಗೆ ಮತ್ತೆ ಮಾಡು ಬಂತು. ನಾನು ಅದುವರೆಗೆ ಹೆಸರೇ ಕೇಳದ ಒಂದು ಪುಟ್ಟ ದೇಶ, ತಮ್ಮಲ್ಲಿ ಸೈನಿಕರು ಕಡಿಮೆ ಎಂದು ನಾಚಿಕೊಂಡು, ಬಾವಿ ತೋಡಲು ಗುದ್ದಲಿ, ಹಗ್ಗ, ರಾಟೆ ಕಳಿಸಿತು. ಆ ಬಾವಿಯ ನೀರು ಸಿಹಿ. ಯಾವ ದೇಶದ್ದೆಂದು ಗೊತ್ತಿಲ್ಲದ ನಮ್ಮ ಜನ ಅದನ್ನು ಬೀಗರ ಬಾವಿ ಎನ್ನುತ್ತಾರೆ.

ಆಮೇಲಿನ ದಿನಗಳು ಹೀಗಿದ್ದವು. ಬೆಳಗಾಗುತ್ತಲೇ ಎರಡೂ ಓಣಿಯ ಹೆಂಗಸರು ಚೂರು ಹಿಡಿದು ಸಂತೆ ಬಯಲಿಗೆ ಬರುವರು. ಒಬ್ಬೊಬ್ಬರ ಪಕ್ಕಕ್ಕೆ ಒಬ್ಬೊಬ್ಬ ನೀಲಿ ಟೊಪ್ಪಿಗೆಯವನು ನಿಲ್ಲುವನು. ಕೆಂಡ ಒಲೆಗೆ ಬೀಳುವ ತನಕ ಹಿಂದೆಯೇ ನಡೆಯುವನು. ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ ಮರ್ಯಾದೆಯಿಂದ ನಿಲ್ಲುವನು. ಆ ಹುಡುಗರಿಗೆ ನಮ್ಮ ಹೆಂಗಸರು ರೊಟ್ಟಿ ಬಡಿಯಲು ಕಲಿಸಿದರು, ಅವರು ಇವರಿಗೆ ತಮ್ಮ ಹಾಡು ಕಲಿಸಿದರು. ಒಂದು ಮಳೆಗಾಲ ಗಾಳಿಮಳೆಗೆ ದಿಬ್ಬದ ಮೇಲಿನ ಒಲೆಗಳೆಲ್ಲ ಆರಿದಾಗ ಕರಿಬಸನೇ ಚೂರು ಹಿಡಿದು, ಪಕ್ಕದಲ್ಲಿ ಸೈನಿಕನನ್ನು ಇಟ್ಟುಕೊಂಡು, ಸಣ್ಣೀರಿಯ ಹೊಸ್ತಿಲಲ್ಲಿ ನಿಂತ. ಮುಖ ಕೆಂಪಾಗಿತ್ತು. ಸಣ್ಣೀರಿ ಕೆಂಡ ಕೊಟ್ಟಳು. ಅವನು ತಿರುಗಿದಾಗ, "ಅಣ್ಣಾ, ಗಾಣ ಯಾವಾಗ ಚಾಲೂ ಮಾಡ್ತಿ? ಒಗ್ಗರಣೀಗೆ ಎಣ್ಣಿ ಇಲ್ಲ," ಎಂದಳು. ಅವನು ಅಲ್ಲೇ ನಿಂತು ಮೂಗು ಒರೆಸಿಕೊಂಡ.

ಮನಾಸೆ ವಾಪಸು ಬಂದ. ಎಡ ಭುಜ ಪೂರ್ತಿ ಮೇಲೇಳುತ್ತಿರಲಿಲ್ಲ. ಅವನಿಗೆ ಹಸಿವಾಗಲು ಎರಡೂ ಓಣಿಯವರು ಅವಕಾಶವನ್ನೇ ಕೊಡಲಿಲ್ಲ. ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ಉಣ್ಣದಿದ್ದರೆ ಮುನಿಸು. ಅವನು ಹೊಟ್ಟೆ ಹಿಡಿದುಕೊಂಡು ನನ್ನ ಬಳಿ ಬಂದು, ಸಾಕು ಎನ್ನುವುದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಗಟ್ಟಿಯಾಗಿ ಹೇಳಬೇಕೆಂದು ಕೇಳಿದ. ಹೇಳಿಕೊಟ್ಟೆ. ಹೇಳಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

ಮತ್ತೊಂದು ವರ್ಷ ಹೋಯಿತು. ಒಂದು ಬೆಳಿಗ್ಗೆ ನಾನು ಠಾಣ್ಯಕ್ಕೆ ಹೋಗುವಾಗ ಓಯುನ ಡೇರೆಯ ಬಾಗಿಲಲ್ಲಿ ನಿಂತು ಬಯಲನ್ನೇ ನೋಡುತ್ತಿದ್ದಳು. ಸೈನಿಕರು ಸಾಲಾಗಿ ತಯಾರಾಗಿ ನಿಂತಿದ್ದರು. ಹೆಂಗಸರು ಮಾತಿನ ಭರದಲ್ಲಿ ಅವರನ್ನು ದಾಟಿ, ಅತ್ತವರು ಇತ್ತ, ಇತ್ತವರು ಅತ್ತ, ಹೋಗೇಬಿಟ್ಟಿದ್ದರು. ಒಬ್ಬರೂ ತಿರುಗಿ ನೋಡಿರಲಿಲ್ಲ. ಹಿಂದೆ ಓಡಬೇಕೋ ಬೇಡವೋ ತಿಳಿಯದೆ ಆ ಹುಡುಗರು ಕ್ಯಾಪ್ಟನ್ ಮುಖ ನೋಡುತ್ತಿದ್ದರು.

"ನೋಡಿದೆಯಾ ಪಾರಮ್ಮ?" ಎಂದಳು. ಅವಳ ಕೆನ್ನೆ ಇನ್ನಷ್ಟು ಕೆಂಪಾಗಿತ್ತು. "ನಮ್ಮನ್ನು ಮರೆತರು!" ಅಷ್ಟು ಸಂತೋಷದಿಂದ ಯಾರೂ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ.

ಅವರು ಹೊರಡುವ ದಿನ ಭಾಷಣ ಮಾಡಲು ಯಾರಿಗೂ ಬರಲಿಲ್ಲ. ಬಿಳಿ ಲಾರಿಗಳು ಇಂಜಿನ್ ಚಾಲೂ ಮಾಡಿ ನಿಂತಿದ್ದವು. ಹೆಂಗಸರು ಒಳಗೆ ಕೂತವರ ಮಡಿಲಿಗೆ ರೊಟ್ಟಿ, ಶೇಂಗಾದ ಉಂಡೆ, ಕೌದಿ ತುರುಕುತ್ತಿದ್ದರು. ಜಡೆಪ್ಪನ ತಾಯಿ ಮನಾಸೆಯ ಎಡ ಭುಜಕ್ಕೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಹಾಗೆಯೇ ನಿಂತಳು, ಅವನು ಬಲಗೈಯಿಂದ ಅವಳ ಬೆನ್ನು ತಟ್ಟಿದ. ಈರಭದ್ರಮ್ಮ ಓಯುನಳ ಎರಡೂ ಕೈ ಹಿಡಿದು, "ಹೋಗಿ ಬಾ ಮಗಳ," ಎಂದಳು.

ಓಯುನ ನನ್ನ ಕಡೆ ತಿರುಗಿದಳು. ಹೋಗಿ ಮತ್ತೆ ಬಾ ಎನ್ನುತ್ತಿದ್ದಾಳೆ ಎಂದೆ. ಅವಳು ನಕ್ಕು ಬೇಡವೆಂದು ತಲೆಯಾಡಿಸಿದಳು. "ಹೇಳು ಅವಳಿಗೆ, ನಮ್ಮಂಥವರು ಎರಡನೆಯ ಸಲ ಬರಬಾರದು. ಬರುವ ಹಾಗೆ ಆಗದಿರಲಿ."

ಹೇಳಿದೆ. ಈರಭದ್ರಮ್ಮನಿಗೆ ಸಿಟ್ಟೇ ಬಂತು. ಕೈ ಬಿಡದೆ, ಇಡೀ ಬಯಲಿಗೆ ಕೇಳುವಂತೆ ಗದರಿದಳು.

"ಕಾವಲಿಗೆ ಬಾ ಅಂತ ಯಾರಂದ್ರು? ಊಟಕ್ಕ ಬಾ. ಮಗನ್ನೂ ಕರಕೊಂಡು ಬಾ."